ಟೈಲ್ಸ್ ಆರಿಸುವ ಮುನ್ನ ಅದರ ತಳ ನೋಡಿ

ಬೆಂಗಳೂರು: ನೆಲಕ್ಕೆ ಹಾಸಿದ ಟೈಲ್ಸ್‌ಗಳ ಮೇಲೆ ಒಂದು ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಎರಡು ಬಗೆಯ ಸದ್ದು ಕೇಳಿಸುತ್ತದೆ. ಒಂದು, ಬಂಡೆಗೆ ತಟ್ಟಿದಂತಹ ಗಟ್ಟಿ ಸದ್ದು. ಇನ್ನೊಂದು, ಖಾಲಿ ಡಬ್ಬಕ್ಕೆ ಬಡಿದಂತಹ ಟೊಳ್ಳು ಸದ್ದು. ಎರಡನೆಯದು ಕೇಳಿಸಿತೆಂದರೆ ಆ ಟೈಲ್ ತನ್ನ ಕೆಳಗಿನ ನೆಲವನ್ನು ಹಿಡಿದುಕೊಂಡಿಲ್ಲ ಎಂದರ್ಥ. ಇಂದಲ್ಲ ನಾಳೆ ಅದು ಬಿರುಕು ಬಿಡುತ್ತದೆ, ಇಲ್ಲವೇ ಪಕ್ಕದ ಟೈಲ್‌ನೊಡನೆ ಸೇರಿ ಮೇಲೆದ್ದು ನಿಲ್ಲುತ್ತದೆ.

ಹೆಬ್ಬಾಳ, ಯಲಹಂಕ, ಯಶವಂತಪುರ, ಆರ್‌.ಟಿ. ನಗರದ ಸುತ್ತಮುತ್ತ ಇಂದು ಎರಡು ಬಗೆಯ ಕೆಲಸ ಏಕಕಾಲಕ್ಕೆ ನಡೆಯುತ್ತಿದೆ. ಒಂದೆಡೆ ಹೊಸ ಅಪಾರ್ಟ್‌ಮೆಂಟ್‌ಗಳು ಏಳುತ್ತಿದ್ದರೆ, ಇನ್ನೊಂದೆಡೆ ಮೂವತ್ತು ನಲವತ್ತು ವರ್ಷ ಹಳೆಯ ಮನೆಗಳು ಹೊಸ ನೆಲ ಕಾಣುತ್ತಿವೆ. ಎರಡೂ ಕಡೆ ಮನೆಯೊಡೆಯರ ಗಮನವೆಲ್ಲ ಮಳಿಗೆಯಲ್ಲಿ ಜೋಡಿಸಿಟ್ಟ ಟೈಲ್ಸ್‌ಗಳ ಬಣ್ಣ, ಹೊಳಪು ಮತ್ತು ಚದರಡಿ ಬೆಲೆಯ ಮೇಲೆ. ಆ ಟೈಲ್ಸ್ ಯಾವುದರ ಮೇಲೆ ಕೂರಲಿದೆ ಎಂಬ ಪ್ರಶ್ನೆ ಮಾತ್ರ ಬಹುತೇಕ ಗುತ್ತಿಗೆದಾರನಿಗೋ ಮೇಸ್ತ್ರಿಗೋ ಬಿಟ್ಟ ವಿಷಯವಾಗಿಬಿಡುತ್ತದೆ. ನೆಲ ಕೆಡುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಟೈಲ್ ಕೆಟ್ಟರೆ ಬದಲಾಯಿಸಬಹುದು. ಅದರ ತಳ ಕೆಟ್ಟರೆ ಇಡೀ ನೆಲ ಒಡೆಯಬೇಕು. ಮನೆಯ ಸಾಮಾನು ಹೊರಗಿಡಬೇಕು, ಧೂಳು ಕುಡಿಯಬೇಕು, ಎರಡನೆಯ ಬಾರಿ ಕೂಲಿ ಕೊಡಬೇಕು. ಬಚ್ಚಲುಮನೆಯಾದರೆ ಕೆಳಗಿನ ಮನೆಯವರೊಂದಿಗೆ ಜಗಳ ಬೇರೆ. ಹೀಗಾಗಿ ಯಾವ ನೆಲಕ್ಕೆ ಎಂತಹ ತಳಪದರ ಬೇಕು ಎಂಬುದನ್ನು ಮೊದಲ ಟೈಲ್ ಇಡುವ ಮುನ್ನವೇ ತಿಳಿದುಕೊಳ್ಳುವುದು ಕ್ಷೇಮ.

ತಳಪದರ ಎಂದರೇನು?

ಕಟ್ಟಡದ ಕಾಂಕ್ರೀಟ್ ಹಾಸು ಮತ್ತು ಟೈಲ್ಸ್ ನಡುವೆ ಇರುವುದೆಲ್ಲವೂ ತಳಪದರವೇ. ಮೇಸ್ತ್ರಿಗಳು ಇದನ್ನು ಸರಳವಾಗಿ ‘ಬೆಡ್’ ಎನ್ನುತ್ತಾರೆ. ಅದು ಎರಡಂಗುಲದ ಸಿಮೆಂಟ್ ಗಾರೆಯಾಗಿರಬಹುದು, ಮಟ್ಟಸ ಮಾಡಿದ ತೆಳು ಸ್ಕ್ರೀಡ್ ಮೇಲಿನ ಅಂಟಿನ ಪದರವಾಗಿರಬಹುದು, ಬಚ್ಚಲುಮನೆಯ ಜಲನಿರೋಧಕ ಲೇಪನವಾಗಿರಬಹುದು ಅಥವಾ ಮೂವತ್ತು ವರ್ಷದ ಹಿಂದೆ ಹಾಕಿದ ಮೊಸಾಯಿಕ್ ನೆಲವೇ ಆಗಿರಬಹುದು.

ಈ ಪದರ ನಾಲ್ಕು ಕೆಲಸ ಮಾಡಬೇಕು. ಏರುತಗ್ಗಿರುವ ಕಾಂಕ್ರೀಟನ್ನು ಮಟ್ಟಸಗೊಳಿಸಬೇಕು. ಟೈಲ್ಸನ್ನು ಮೂಲೆಮೂಲೆಗೂ ಹಿಡಿದುಕೊಳ್ಳಬೇಕು. ಮೇಲೆ ಬಿದ್ದ ಭಾರವನ್ನು ಎಲ್ಲೆಡೆ ಸಮನಾಗಿ ಕೆಳಕ್ಕೆ ದಾಟಿಸಬೇಕು. ನೀರು ಇರುವ ಕಡೆ ಅದು ಕೆಳಗಿಳಿಯದಂತೆ ತಡೆಯಬೇಕು. ಎಲ್ಲ ಕೋಣೆಗಳಲ್ಲೂ ಈ ನಾಲ್ಕೂ ಸಮನಾಗಿ ಬೇಕಿಲ್ಲ. ಆದ್ದರಿಂದಲೇ ಇಡೀ ಮನೆಗೆ ಒಂದೇ ಬಗೆಯ ತಳಪದರ ಎಂಬ ಲೆಕ್ಕಾಚಾರ ಸರಿಹೋಗುವುದಿಲ್ಲ.

ನೀರು ಕುಡಿಯದ ಟೈಲ್ಸ್

ನಗರದ ಹಳೆಯ ಮನೆಗಳಲ್ಲಿ ಮೊದಲು ಇದ್ದದ್ದು ರೆಡ್ ಆಕ್ಸೈಡ್ ನೆಲ. ಅದಕ್ಕೆ ಪ್ರತ್ಯೇಕ ತಳಪದರದ ಚಿಂತೆಯೇ ಇರಲಿಲ್ಲ, ಏಕೆಂದರೆ ಗಾರೆಯೇ ನೆಲವಾಗಿತ್ತು. ನಂತರ ಬಂದ ಮೊಸಾಯಿಕ್ ಬಿಲ್ಲೆಗಳು ಸಿಮೆಂಟ್ ಮತ್ತು ಅಮೃತಶಿಲೆಯ ಚೂರುಗಳಿಂದ ಆದವು. ಅವುಗಳ ಬೆನ್ನು ಒರಟು, ಜೊತೆಗೆ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಹಸಿ ಗಾರೆಯ ಮೇಲೆ ಇಟ್ಟಾಗ ಸಿಮೆಂಟ್ ಹಾಲು ಬಿಲ್ಲೆಯ ಸಣ್ಣ ರಂಧ್ರಗಳೊಳಗೆ ಇಳಿದು ಗಟ್ಟಿಯಾಗುತ್ತಿತ್ತು. ಬಿಲ್ಲೆ ಮತ್ತು ಗಾರೆ ಒಂದೇ ಜಾತಿಯವಾದ್ದರಿಂದ ಹೊಂದಾಣಿಕೆಯೂ ಸುಲಭವಾಗಿತ್ತು.

ಈಗಿನ ವಿಟ್ರಿಫೈಡ್ ಟೈಲ್ಸ್ ಕಥೆ ಬೇರೆ. ಗುಜರಾತಿನ ಮೊರ್ಬಿಯಂತಹ ಕೇಂದ್ರಗಳಿಂದ ಲಾರಿಗಳಲ್ಲಿ ಬರುವ ಈ ಟೈಲ್ಸ್‌ಗಳನ್ನು ಭಾರೀ ಒತ್ತಡದಲ್ಲಿ ಅಚ್ಚೊತ್ತಿ, ಹೆಚ್ಚಿನ ಉಷ್ಣದಲ್ಲಿ ಸುಟ್ಟು ಗಾಜಿನಷ್ಟು ಬಿಗಿಯಾಗಿಸಲಾಗಿರುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ವಿವರಣೆಯಂತೆ ವಿಟ್ರಿಫೈಡ್ ಟೈಲ್ಸ್ ನೀರು ಹೀರುವ ಪ್ರಮಾಣ ಶೇ. 0.08ಕ್ಕಿಂತ ಕಡಿಮೆ ಇರಬೇಕು. ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲ್ಸ್ ಶೇ. 10ಕ್ಕೂ ಹೆಚ್ಚು ನೀರು ಹೀರುತ್ತವೆ. ವ್ಯತ್ಯಾಸ ನೂರು ಪಟ್ಟಿಗೂ ಹೆಚ್ಚು.

ನೀರು ಹೀರದ ಗುಣ ಮೇಲ್ಮೈಗೆ ವರ, ಬೆನ್ನಿಗೆ ಶಾಪ. ಕಲೆ ನಿಲ್ಲುವುದಿಲ್ಲ ನಿಜ, ಆದರೆ ಸಿಮೆಂಟ್ ಹಾಲು ಒಳಗಿಳಿದು ಹಿಡಿತ ಸಾಧಿಸಲು ರಂಧ್ರಗಳೇ ಇರುವುದಿಲ್ಲ. ಸಾದಾ ಗಾರೆ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಆಗ ನಯವಾದ ಬೆನ್ನಿನಿಂದ ಬಿಟ್ಟುಕೊಳ್ಳುವುದು ಅದಕ್ಕೆ ಕಷ್ಟವೇನಲ್ಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಖರೀದಿಸಿದ ಟೈಲ್‌ನ ಹಿಂಬದಿಗೆ ಒಂದು ಹನಿ ನೀರು ಬಿಡಿ. ಹನಿ ಬೇಗ ಇಂಗಿದರೆ ಅದು ಸಾಧಾರಣ ಸೆರಾಮಿಕ್. ಹಾಗೆಯೇ ನಿಂತರೆ ವಿಟ್ರಿಫೈಡ್. ಎರಡನೆಯದಕ್ಕೆ ಸಿಮೆಂಟ್ ಹಾಲನ್ನೊಂದೇ ನಂಬಿ ಕೂರುವಂತಿಲ್ಲ.

ಗಾರೆಯೋ, ಅಂಟೋ?

ಸಾಂಪ್ರದಾಯಿಕ ಪದ್ಧತಿಯಲ್ಲಿ ಒಂದು ಪಾಲು ಸಿಮೆಂಟ್‌ಗೆ ನಾಲ್ಕು ಪಾಲು ಮರಳು ಬೆರೆಸಿದ ಗಾರೆಯನ್ನು ಹರಡಿ, ಮೇಲೆ ಸಿಮೆಂಟ್ ಹಾಲು ಸುರಿದು ಟೈಲ್ಸ್ ಕೂರಿಸಲಾಗುತ್ತದೆ. ಲೋಕೋಪಯೋಗಿ ಇಲಾಖೆಯ ಲೆಕ್ಕದಲ್ಲಿ ಈ ಗಾರೆಯ ದಪ್ಪ 20 ಮಿ.ಮೀ., ಪ್ರತಿ ಚದರ ಮೀಟರ್‌ಗೆ ಸಿಮೆಂಟ್ ಹಾಲಿಗೆ ಬೇಕಾದ ಸಿಮೆಂಟ್ 3.3 ಕಿಲೋ. ಆದರೆ ಕಾಂಕ್ರೀಟ್ ಹಾಸಿನ ಮಟ್ಟವೇ ತಪ್ಪಿರುವಾಗ ಈ 20 ಮಿ.ಮೀ. ಎಂಬುದು ಕಾಗದದಲ್ಲೇ ಉಳಿದು, ನೆಲದ ಮೇಲೆ ಎರಡಂಗುಲ, ಮೂರಂಗುಲ ಗಾರೆ ಬೀಳುತ್ತದೆ.

ಇದರ ತೂಕವನ್ನು ಗಮನಿಸಬೇಕು. ಒಂದು ಸೆಂ.ಮೀ. ದಪ್ಪದ ಗಾರೆ ಚದರ ಮೀಟರ್‌ಗೆ ಸುಮಾರು 20 ಕಿಲೋ ತೂಗುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಎರಡಂಗುಲ ಗಾರೆ ಹಾಕಿದರೆ ಟೈಲ್ಸ್ ಬಿಟ್ಟು ಗಾರೆಯೇ ಒಂದು ಟನ್‌ಗೂ ಹೆಚ್ಚಾಗುತ್ತದೆ. ವಾಸದ ಮನೆಯ ಮಹಡಿ ಹಾಸನ್ನು ವಿನ್ಯಾಸ ಮಾಡುವಾಗ ಜನ ಮತ್ತು ಪೀಠೋಪಕರಣಗಳಿಗೆಂದು ಭಾರತೀಯ ಮಾನಕ ಹಿಡಿಯುವ ಭಾರ ಚದರ ಮೀಟರ್‌ಗೆ ಸುಮಾರು 200 ಕಿಲೋ. ನಾಲ್ಕಂಗುಲ ಗಾರೆ ತುಂಬಿದರೆ ಅದೊಂದೇ ಅಷ್ಟು ತೂಗುತ್ತದೆ. ಹೊಸ ಕಟ್ಟಡದಲ್ಲಿ ಎಂಜಿನಿಯರ್ ಇದನ್ನು ಮೊದಲೇ ಲೆಕ್ಕ ಹಾಕಿರಬಹುದು. ಹಳೆಯ ಮನೆಯ ಮಹಡಿಯ ಮೇಲೆ ಲೆಕ್ಕವಿಲ್ಲದೆ ಗಾರೆ ಏರಿಸುವುದು ಅಪಾಯ.

ಎರಡನೆಯ ಪದ್ಧತಿ ಟೈಲ್ ಅಂಟು. ಇದೂ ಸಿಮೆಂಟ್ ಆಧಾರಿತವೇ. ನುಣ್ಣನೆಯ ಮರಳು ಮತ್ತು ಪಾಲಿಮರ್ ಪುಡಿ ಸೇರಿಸಿ 20 ಕಿಲೋ ಚೀಲಗಳಲ್ಲಿ ಮಾರುತ್ತಾರೆ. ಪಾಲಿಮರ್ ಇರುವುದರಿಂದ ನಯವಾದ ಬೆನ್ನಿಗೂ ಇದು ಅಂಟಿಕೊಳ್ಳುತ್ತದೆ, ಸ್ವಲ್ಪ ಮಟ್ಟಿಗೆ ಬಾಗುವ ಗುಣವನ್ನೂ ತೋರುತ್ತದೆ. ಹಲ್ಲುಗಳಿರುವ ಕರಣೆಯಿಂದ ಗೆರೆಗೆರೆಯಾಗಿ ಎಳೆದು ಮೂರರಿಂದ ಆರು ಮಿ.ಮೀ. ಪದರ ಬರುವಂತೆ ಹಚ್ಚಬೇಕು. ಮೂರು ಮಿ.ಮೀ. ದಪ್ಪಕ್ಕೆ ಒಂದು ಚೀಲ ಸುಮಾರು 45ರಿಂದ 50 ಚದರಡಿಗೆ ಸಾಕಾಗುತ್ತದೆ. ಮೇಲೆ ಹೇಳಿದ ಅದೇ ಕೋಣೆಗೆ ನಾಲ್ಕು ಮಿ.ಮೀ. ದಪ್ಪ ಹಚ್ಚಿದರೂ ಬೇಕಾಗುವ ಅಂಟು 70 ಕಿಲೋ ದಾಟುವುದಿಲ್ಲ.

ಆದರೆ ಅಂಟು ನೆಲವನ್ನು ಮಟ್ಟ ಮಾಡುವ ವಸ್ತುವಲ್ಲ. ಹತ್ತು ಅಡಿ ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲಿಟ್ಟರೆ ಅದರ ಕೆಳಗೆ ಎಲ್ಲಿಯೂ ಮೂರು ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ದೊಡ್ಡ ಅಳತೆಯ ಟೈಲ್ಸ್‌ಗೆ ಅಮೆರಿಕದ ಟೈಲ್ಸ್ ಉದ್ಯಮ ಪಾಲಿಸುವ ಮಾನದಂಡ ಇದು. ಅಷ್ಟು ಮಟ್ಟ ಇಲ್ಲದಿದ್ದರೆ ಮೊದಲು ಸ್ಕ್ರೀಡ್ ಹಾಕಿ, ನೀರು ಕುಡಿಸಿ, ಒಣಗಲು ಬಿಟ್ಟು, ಬಳಿಕವೇ ಅಂಟಿನ ಕೆಲಸ ಆರಂಭಿಸಬೇಕು. ತಗ್ಗಿರುವಲ್ಲಿ ಅಂಟನ್ನೇ ಮುದ್ದೆಯಾಗಿ ತುಂಬುವುದು ದುಬಾರಿ ಮಾತ್ರವಲ್ಲ, ದಪ್ಪ ಮುದ್ದೆ ಒಣಗುವಾಗ ಕುಗ್ಗಿ ಟೈಲ್‌ನ ಮೂಲೆಗಳನ್ನು ಕೆಳಕ್ಕೆಳೆಯುತ್ತದೆ.

ಹಾಗಾದರೆ ಗಾರೆ ಪದ್ಧತಿ ಸಂಪೂರ್ಣ ತಪ್ಪೇ? ಅಲ್ಲ. ಗ್ರಾನೈಟ್, ಕಡಪ ಕಲ್ಲಿನಂತಹ ಭಾರವಾದ, ದಪ್ಪ ಒಂದೇ ಸಮನಾಗಿರದ ಕಲ್ಲುಗಳಿಗೆ ಗಾರೆಯೇ ಸೂಕ್ತ. ಒಂದಡಿ ಅಳತೆಯ ಸಾಧಾರಣ ಸೆರಾಮಿಕ್ ಟೈಲ್ಸ್‌ಗೂ ಅದು ನಡೆಯುತ್ತದೆ. ಎರಡಡಿಗೆ ಎರಡಡಿ, ನಾಲ್ಕಡಿಗೆ ಎರಡಡಿಯ ವಿಟ್ರಿಫೈಡ್ ಟೈಲ್ಸ್ ಆದಾಗ ಮಾತ್ರ ಅಂಟಿನ ಮೊರೆ ಹೋಗುವುದು ಒಳ್ಳೆಯದು.

ಚೀಲದ ಮೇಲಿನ ಅಂಕಿ ಓದಿ

ಅಂಟು ಎಂದರೆ ಎಲ್ಲವೂ ಒಂದೇ ಅಲ್ಲ. ಭಾರತೀಯ ಮಾನಕ ಬ್ಯೂರೊ 2004ರಲ್ಲಿ ರೂಪಿಸಿ 2019ರಲ್ಲಿ ಪರಿಷ್ಕರಿಸಿದ ಐಎಸ್ 15477 ಮಾನಕ ಟೈಲ್ ಅಂಟುಗಳನ್ನು ಐದು ಮಾದರಿಗಳಾಗಿ ವಿಂಗಡಿಸಿದೆ. ಮಾದರಿ ಒಂದು ಮನೆಯೊಳಗಿನ ನೀರು ಹೀರುವ ಸೆರಾಮಿಕ್ ಟೈಲ್ಸ್‌ಗೆ. ಮಾದರಿ ಎರಡು ಕಡಿಮೆ ನೀರು ಹೀರುವ ವಿಟ್ರಿಫೈಡ್ ಟೈಲ್ಸ್‌ಗೆ. ಹಳೆಯ ಟೈಲ್ಸ್ ಮೇಲೆ ಹೊಸದು ಹಾಕಲು, ಹೊರಗೋಡೆಗೆ ಅಂಟಿಸಲು ಮಾದರಿ ಮೂರು. ನಾಲ್ಕನೆಯದು ಹೆಚ್ಚು ಬಾಗುವ ಗುಣವುಳ್ಳದ್ದು. ಮರ, ಲೋಹ, ಗಾಜಿನಂತಹ ಮೇಲ್ಮೈಗೆ ಐದನೆಯದು. ಮಾದರಿಯ ಅಂಕಿ ಏರಿದಂತೆ ಬೆಲೆಯೂ ಏರುವುದರಿಂದ ವಿಟ್ರಿಫೈಡ್ ನೆಲಕ್ಕೂ ಮಾದರಿ ಒಂದರ ಚೀಲವೇ ಬಂದು ಬೀಳುವ ಸಂಭವ ಇಲ್ಲದಿಲ್ಲ. ಬಂದ ಚೀಲದ ಮೇಲೆ ಮಾದರಿಯ ಅಂಕಿ ಮತ್ತು ತಯಾರಾದ ತಿಂಗಳು ಓದುವುದಕ್ಕೆ ಅರ್ಧ ನಿಮಿಷ ಸಾಕು.

ಹಚ್ಚುವ ಕ್ರಮವೂ ಅಷ್ಟೇ ಮುಖ್ಯ. ಟೈಲ್‌ನ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಮುದ್ದೆ ಅಂಟು ಇಟ್ಟು ಗೋಡೆಗೋ ನೆಲಕ್ಕೋ ಒತ್ತಿಬಿಡುವ ಅಭ್ಯಾಸ ಹಲವೆಡೆ ಇದೆ. ಮುದ್ದೆಗಳ ನಡುವೆ ಉಳಿಯುವ ಜಾಗವೇ ಆ ಟೊಳ್ಳು ಸದ್ದಿನ ಮೂಲ. ಅಲ್ಲಿ ಭಾರದ ವಸ್ತು ಬಿದ್ದರೆ ಟೈಲ್ ಸೀಳುತ್ತದೆ, ಬಚ್ಚಲಲ್ಲಾದರೆ ಅಲ್ಲೇ ನೀರು ನಿಲ್ಲುತ್ತದೆ. ಒಣ ಕೋಣೆಗಳಲ್ಲಿ ಟೈಲ್‌ನ ಬೆನ್ನಿನ ಕನಿಷ್ಠ ಶೇ. 80 ಭಾಗಕ್ಕೆ, ನೀರು ಬೀಳುವ ಜಾಗ ಮತ್ತು ಹೊರಾಂಗಣದಲ್ಲಿ ಶೇ. 95 ಭಾಗಕ್ಕೆ ಅಂಟು ತಗುಲಿರಬೇಕೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಅಳತೆ. ಕೆಲಸ ಆರಂಭವಾದ ಮೊದಲ ದಿನವೇ, ಆಗತಾನೇ ಕೂರಿಸಿದ ಒಂದು ಟೈಲನ್ನು ಎತ್ತಿ ತೋರಿಸುವಂತೆ ಮೇಸ್ತ್ರಿಗೆ ಹೇಳಿದರೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ.

ನೆಲಮಹಡಿಯ ಚಿಂತೆ ಬೇರೆ

ಮೇಲಿನ ಮಹಡಿಗಳಲ್ಲಿ ಟೈಲ್ಸ್ ಕೆಳಗೆ ಕಾಂಕ್ರೀಟ್ ಹಾಸು ಇರುತ್ತದೆ. ನೆಲಮಹಡಿಯಲ್ಲಿ ಇರುವುದು ಮಣ್ಣು. ತಳಪಾಯದ ಗೋಡೆಗಳ ನಡುವೆ ತುಂಬಿದ ಮಣ್ಣನ್ನು ಅರ್ಧ ಅಡಿಯಷ್ಟು ಪದರಗಳಲ್ಲಿ ನೀರು ಹಾಕಿ ದಿಮ್ಮಸು ಮಾಡದೆ ಒಮ್ಮೆಲೇ ಸುರಿದಿದ್ದರೆ, ವರ್ಷಗಳ ಬಳಿಕವೂ ಅದು ಕುಸಿಯುತ್ತಲೇ ಇರುತ್ತದೆ. ಅದರ ಮೇಲಿನ ನೆಲ ಗೋಡೆಯಂಚಿನಲ್ಲಿ ಬಿಟ್ಟುಕೊಂಡು ಸ್ಕರ್ಟಿಂಗ್ ಕೆಳಗೆ ಬೆರಳು ತೂರುವಷ್ಟು ಸಂದು ಕಾಣಿಸಿಕೊಳ್ಳುತ್ತದೆ. ಎಂತಹ ದುಬಾರಿ ಅಂಟೂ ಇದನ್ನು ತಡೆಯಲಾರದು. ದಿಮ್ಮಸು ಮಾಡಿದ ಮಣ್ಣು, ಅದರ ಮೇಲೆ ಜಲ್ಲಿ, ಅದರ ಮೇಲೆ ಮೂರ್ನಾಲ್ಕು ಅಂಗುಲದ ಸಾದಾ ಕಾಂಕ್ರೀಟ್, ಬಳಿಕ ಟೈಲ್ಸ್ ತಳಪದರ: ಈ ಕ್ರಮದಲ್ಲಿ ಒಂದನ್ನೂ ಬಿಡುವಂತಿಲ್ಲ.

ಇನ್ನೊಂದು ಸಮಸ್ಯೆ ತೇವ. 2021ರ ನವೆಂಬರ್‌ನಲ್ಲಿ ಮತ್ತು 2024ರ ಅಕ್ಟೋಬರ್‌ನಲ್ಲಿ ಸುರಿದ ಭಾರೀ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಸಮುಚ್ಚಯ ಜಲಾವೃತಗೊಂಡು, ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಗಿ ಬಂದದ್ದನ್ನು ನಗರ ಮರೆತಿಲ್ಲ. ಕೆರೆಯ ಅಂಚಿನ, ತಗ್ಗಿನ ಬಡಾವಣೆಗಳಲ್ಲಿ ನೀರು ಮನೆಯೊಳಗೆ ನುಗ್ಗದಿದ್ದರೂ ಮಳೆಗಾಲದುದ್ದಕ್ಕೂ ಮಣ್ಣಿನಿಂದ ತೇವ ಮೇಲೇರುತ್ತಿರುತ್ತದೆ. ವಿಟ್ರಿಫೈಡ್ ಟೈಲ್ಸ್ ಆವಿಯನ್ನು ಹೊರಬಿಡುವುದಿಲ್ಲವಾದ್ದರಿಂದ ಅದು ಟೈಲ್ಸ್ ನಡುವಿನ ಗೆರೆಗಳ ಮೂಲಕ ಬಿಳಿ ಉಪ್ಪಾಗಿ ಹೊರಬರುತ್ತದೆ.

ಇಂತಹ ಕಡೆ ಕಾಂಕ್ರೀಟ್ ಹಾಸುವ ಮುನ್ನವೇ ದಪ್ಪ ಪಾಲಿಥಿನ್ ಹಾಳೆ ಹಾಸಬೇಕು. ಕಾಂಕ್ರೀಟ್ ಆಗಲೇ ಹಾಕಿದ್ದರೆ ಅದರ ಮೇಲೆ ತೇವ ತಡೆಯುವ ಲೇಪನ ಕೊಡಬೇಕು. ಅದಕ್ಕೂ ಮುನ್ನ ಒಂದು ಸರಳ ಪರೀಕ್ಷೆಯುಂಟು. ಸುಮಾರು ಒಂದೂವರೆ ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರಿ ಕಾಂಕ್ರೀಟ್ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಕನಿಷ್ಠ 16 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಒಳಗೆ ಹನಿಗಳಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ನೆಲ ಇನ್ನೂ ಒಣಗಿಲ್ಲ. ನೆರೆ ಇಳಿದ ವಾರದಲ್ಲೇ ಹೊಸ ಟೈಲ್ಸ್ ಹಾಕಿಸುವ ಆತುರ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಮಟ್ಟ ಮಾಡಲು ಮಾರುಕಟ್ಟೆಯಲ್ಲಿ ಸಿಗುವ, ಸುರಿದರೆ ತಾನೇ ಹರಡಿಕೊಳ್ಳುವ ಮಿಶ್ರಣಗಳಲ್ಲಿ ಜಿಪ್ಸಂ ಆಧಾರಿತವಾದುವು ತೇವಕ್ಕೆ ಬಲ ಕಳೆದುಕೊಳ್ಳುತ್ತವೆ. ನೆಲಮಹಡಿಗೆ ಸಿಮೆಂಟ್ ಆಧಾರಿತವೇ ಇರಲಿ.

ಹಳೆಯ ನೆಲದ ಮೇಲೆ ಹೊಸ ನೆಲ

ಆರ್‌.ಟಿ. ನಗರ, ಯಶವಂತಪುರದ ಹಳೆಯ ಮನೆಗಳಲ್ಲಿ, ಕರ್ನಾಟಕ ಗೃಹ ಮಂಡಳಿ ರೂಪಿಸಿದ ಯಲಹಂಕ ಉಪನಗರದಲ್ಲಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು: ಇರುವ ಮೊಸಾಯಿಕ್ ಒಡೆಯಬೇಕೇ ಅಥವಾ ಅದರ ಮೇಲೆಯೇ ಟೈಲ್ಸ್ ಹಾಕಬಹುದೇ?

ಒಡೆಯದೆ ಹಾಕಬಹುದು, ಆದರೆ ಹಳೆಯ ನೆಲ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಒಂದು, ಇಡೀ ನೆಲವನ್ನು ತಟ್ಟಿ ನೋಡಿದಾಗ ಟೊಳ್ಳು ಸದ್ದು ಬರಬಾರದು. ಅಲ್ಲೊಂದು ಇಲ್ಲೊಂದು ಬಿಲ್ಲೆ ಟೊಳ್ಳಾಗಿದ್ದರೆ ಅವನ್ನು ತೆಗೆದು ಗಾರೆ ತುಂಬಬಹುದು. ಅರ್ಧ ಕೋಣೆಯೇ ಟೊಳ್ಳಾಗಿದ್ದರೆ ಒಡೆಯುವುದೇ ಸರಿ. ಎರಡು, ನೆಲ ಕುಸಿದಿರಬಾರದು, ಗೋಡೆಯಿಂದ ಗೋಡೆಗೆ ಹರಿದ ಬಿರುಕು ಇರಬಾರದು. ಕೆಳಗಿನ ಬಿರುಕು ಮೇಲಿನ ಟೈಲ್ಸ್‌ನಲ್ಲೂ ಅದೇ ಗೆರೆಯಲ್ಲಿ ಮೂಡುತ್ತದೆ. ಮೂರು, ವರ್ಷಗಳಿಂದ ಹಾಕಿದ ಪಾಲಿಷ್ ಮತ್ತು ಮೇಣ ಪೂರ್ತಿ ಹೋಗಬೇಕು. ಯಂತ್ರದಿಂದ ಉಜ್ಜಿ ಮೇಲ್ಮೈಯನ್ನು ಒರಟು ಮಾಡಿದ ಬಳಿಕ ನೀರಿನ ಹನಿ ಚಿಮುಕಿಸಿದರೆ ಅದು ಮುತ್ತಿನಂತೆ ನಿಲ್ಲದೆ ಹರಡಿಕೊಳ್ಳಬೇಕು. ಆಗ ಮಾದರಿ ಮೂರರ ಅಂಟು ಬಳಸಿ ಕೆಲಸ ಮುಂದುವರಿಸಬಹುದು.

ರೆಡ್ ಆಕ್ಸೈಡ್ ನೆಲದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದರ ಬಣ್ಣದ ಮೇಲ್ಪದರ ಬಹಳ ತೆಳು, ವರ್ಷಗಟ್ಟಲೆ ತಿಕ್ಕಿ ನುಣುಪಾಗಿರುವಂಥದ್ದು. ಟೈಲ್ ಅಂಟು ಆ ಪದರವನ್ನು ಬಿಗಿಯಾಗಿ ಹಿಡಿದರೂ ಆ ಪದರವೇ ಕೆಳಗಿನ ಗಾರೆಯಿಂದ ಎದ್ದುಬರಬಹುದು. ಉಜ್ಜಿ ಗಟ್ಟಿ ಗಾರೆ ಸಿಗುವವರೆಗೆ ಹೋಗುವುದು ಉತ್ತಮ.

ಹಳೆಯದರ ಮೇಲೆ ಹೊಸದು ಹಾಕಿದಾಗ ನೆಲ ಸುಮಾರು 15 ಮಿ.ಮೀ. ಮೇಲೇರುತ್ತದೆ. ಬಾಗಿಲುಗಳ ತಳ ಕತ್ತರಿಸಬೇಕಾಗುತ್ತದೆ. ಹೊಸ್ತಿಲು ಅಷ್ಟರಮಟ್ಟಿಗೆ ತಗ್ಗುತ್ತದೆ. ಬಚ್ಚಲಿನ ನೆಲಕ್ಕೂ ಕೋಣೆಯ ನೆಲಕ್ಕೂ ಇದ್ದ ಅಂತರ ಬದಲಾಗುತ್ತದೆ. ಹಿರಿಯರಿರುವ ಮನೆಯಲ್ಲಿ ಎರಡು ಕೋಣೆಗಳ ನಡುವೆ ಅರ್ಧ ಅಂಗುಲದ ಮೆಟ್ಟಿಲು ಉಳಿದರೆ ಎಡವಿ ಬೀಳಲು ಅಷ್ಟೇ ಸಾಕು. ಇವನ್ನೆಲ್ಲ ಅಳೆದ ಮೇಲೆಯೇ ನಿರ್ಧಾರ ಮಾಡಬೇಕು.

ಬಚ್ಚಲುಮನೆ: ಕಾಣದ ಕೆರೆ

ಟೈಲ್ಸ್ ನೀರು ತಡೆಯುತ್ತದೆ ಎಂಬುದು ವ್ಯಾಪಕವಾದ ತಪ್ಪು ಕಲ್ಪನೆ. ಟೈಲ್ಸ್ ತಡೆಯುತ್ತದೆ, ಅವುಗಳ ನಡುವಿನ ಗೆರೆಗಳು ತಡೆಯುವುದಿಲ್ಲ. ಆದ್ದರಿಂದ ಬಚ್ಚಲಿನಲ್ಲಿ ನೀರು ತಡೆಯುವ ಕೆಲಸ ತಳಪದರದ್ದೇ.

ಅಪಾರ್ಟ್‌ಮೆಂಟ್‌ಗಳಲ್ಲಿ ಕೊಳವೆಗಳನ್ನು ಅಡಗಿಸಲು ಬಚ್ಚಲಿನ ಕಾಂಕ್ರೀಟ್ ಹಾಸನ್ನು ಮುಕ್ಕಾಲು ಅಡಿಯಿಂದ ಒಂದಡಿಯವರೆಗೆ ತಗ್ಗಿಸಿ, ಬಳಿಕ ಆ ತೊಟ್ಟಿಯನ್ನು ತುಂಬಿಸುತ್ತಾರೆ. ಒಡೆದ ಇಟ್ಟಿಗೆ, ಗಾರೆಯಿಂದ ಒಂದಡಿ ತುಂಬಿದರೆ ಚದರ ಮೀಟರ್‌ಗೆ 500 ಕಿಲೋ ಆಸುಪಾಸು ಭಾರ ಬೀಳುತ್ತದೆ. ಜೊತೆಗೆ ಇಟ್ಟಿಗೆ ಚೂರುಗಳು ನೀರನ್ನು ಹೀರಿ ಹಿಡಿದುಕೊಳ್ಳುತ್ತವೆ. ಮೇಲಿನ ಗೆರೆಗಳಿಂದ ತೊಟ್ಟಿಕ್ಕಿದ ನೀರು ವರ್ಷಗಟ್ಟಲೆ ಅಲ್ಲೇ ನಿಂತು, ಒಂದು ದಿನ ಕೆಳಗಿನ ಮನೆಯ ಸೂರಿನಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಹಗುರವಾದ ಫೋಮ್ ಕಾಂಕ್ರೀಟ್ ತುಂಬಿದರೆ ಭಾರವೂ ಕಡಿಮೆ, ನೀರು ನಿಲ್ಲುವ ಜಾಗವೂ ಕಡಿಮೆ.

ತುಂಬುವ ಮುನ್ನ ತೊಟ್ಟಿಯ ತಳಕ್ಕೆ ಮತ್ತು ಸುತ್ತಲ ಗೋಡೆಗೆ ಜಲನಿರೋಧಕ ಲೇಪನ ಕೊಡಬೇಕು. ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿ, ಕೊಳವೆ ತೂರುವ ಜಾಗಗಳನ್ನು ವಿಶೇಷವಾಗಿ ಮುಚ್ಚಬೇಕು. ಲೇಪನ ಒಣಗಿದ ನಂತರ ನೀರು ನಿಲ್ಲಿಸಿ 24ರಿಂದ 48 ಗಂಟೆ ಬಿಟ್ಟು, ಕೆಳಗಿನ ಸೂರನ್ನು ಪರೀಕ್ಷಿಸಬೇಕು. ತುಂಬಿದ ಬಳಿಕ ಟೈಲ್ಸ್‌ನ ಕೆಳಗೆ ಎರಡನೆಯ ಸುತ್ತು ಲೇಪನ. ಇದು ಗೋಡೆಯ ಮೇಲೆ ಕನಿಷ್ಠ ಒಂದಡಿ, ಶವರ್ ಇರುವ ಗೋಡೆಯ ಮೇಲೆ ಆರಡಿ ಏರಬೇಕು. ನೆಲದ ಇಳಿಜಾರು ಮೀಟರ್‌ಗೆ ಒಂದು ಸೆಂ.ಮೀ.ನಷ್ಟಿರಬೇಕು. ಈ ಇಳಿಜಾರು ತಳಪದರದಲ್ಲೇ ಬರಬೇಕೇ ಹೊರತು ಟೈಲ್ಸ್ ಕೂರಿಸುವಾಗ ಅಂಟಿನಲ್ಲಿ ಸರಿದೂಗಿಸುವಂತಿಲ್ಲ.

ಗೋಡೆಗಳ ವಿಷಯದಲ್ಲಿ ಒಂದು ಮಾತು. ಅಪಾರ್ಟ್‌ಮೆಂಟ್‌ಗಳ ಒಳಗೋಡೆಗೆ ಜಿಪ್ಸಂ ಪ್ಲಾಸ್ಟರ್ ಮಾಡಿರುವುದುಂಟು. ಜಿಪ್ಸಂ ಮೇಲೆ ಸಿಮೆಂಟ್ ಅಂಟನ್ನು ನೇರವಾಗಿ ಹಚ್ಚಿದರೆ ತೇವ ಸೇರಿದಾಗ ಎರಡೂ ಪರಸ್ಪರ ವರ್ತಿಸಿ ಟೈಲ್ಸ್ ಬಿಟ್ಟುಕೊಳ್ಳುತ್ತದೆ. ಅಡುಗೆಮನೆ, ಬಚ್ಚಲಿನಲ್ಲಿ ಟೈಲ್ಸ್ ಬರುವ ಎತ್ತರದವರೆಗೆ ಸಿಮೆಂಟ್ ಪ್ಲಾಸ್ಟರ್ ಇರಬೇಕು.

ಪರದೇಶದ ಸಲಹೆ, ನಮ್ಮ ನೆಲ

ಈ ವಿಷಯವನ್ನು ಅಂತರ್ಜಾಲದಲ್ಲಿ ಹುಡುಕಿದವರಿಗೆ ಮೊದಲು ಸಿಗುವುದು ಪ್ಲೈವುಡ್, ಸಿಮೆಂಟ್ ಬೋರ್ಡ್, ಪ್ಲಾಸ್ಟಿಕ್ ಪೊರೆಗಳ ಕುರಿತ ಅಮೆರಿಕದ ಸಲಹೆಗಳು. ಅಲ್ಲಿನ ಮನೆಗಳ ನೆಲ ಸಾಮಾನ್ಯವಾಗಿ ಮರದ ತೊಲೆಗಳ ಮೇಲೆ ನಿಂತಿರುತ್ತದೆ. ನಡೆದಾಡಿದರೆ ಮರ ಬಾಗುತ್ತದೆ, ಹವೆಗೆ ಹಿಗ್ಗಿ ಕುಗ್ಗುತ್ತದೆ. ಬಾಗದ ಟೈಲ್ಸನ್ನು ಅದರ ಮೇಲೆ ನೇರವಾಗಿ ಹಾಕುವಂತಿಲ್ಲವಾದ್ದರಿಂದ ನಡುವೆ ಸಿಮೆಂಟ್ ಬೋರ್ಡ್ ಬೇಕಾಗುತ್ತದೆ. ಬೆಂಗಳೂರಿನ ಕಾಂಕ್ರೀಟ್ ಹಾಸಿಗೆ ಅದರ ಅಗತ್ಯವಿಲ್ಲ.

ಆದರೆ ಆ ಚರ್ಚೆಯಿಂದ ಇಲ್ಲಿಗೂ ಅನ್ವಯಿಸುವ ಪಾಠವೊಂದಿದೆ. ಟೈಲ್ಸ್ ಮತ್ತು ಅದರ ತಳ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಹತ್ತು ಮೀಟರ್ ಉದ್ದದ ನೆಲದಲ್ಲಿ 30 ಡಿಗ್ರಿ ಉಷ್ಣಾಂಶ ಬದಲಾದರೆ ಕಾಂಕ್ರೀಟ್‌ಗೂ ಟೈಲ್ಸ್‌ಗೂ ನಡುವೆ ಸುಮಾರು ಒಂದು ಮಿ.ಮೀ. ವ್ಯತ್ಯಾಸ ಬರುತ್ತದೆ. ಹೊಸ ಕಾಂಕ್ರೀಟ್ ಒಣಗುತ್ತಾ ಕುಗ್ಗುವುದೂ ಇದಕ್ಕೆ ಸೇರುತ್ತದೆ. ಸಂದೇ ಇಲ್ಲದಂತೆ ಒಂದಕ್ಕೊಂದು ತಾಗಿಸಿ, ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂರಿಸಿದ ಟೈಲ್ಸ್‌ಗಳಿಗೆ ಆಗ ಉಳಿಯುವ ದಾರಿ ಒಂದೇ: ಮೇಲೇಳುವುದು. ಪಡುವಣ ಬಿಸಿಲು ಬೀಳುವ ಬಾಲ್ಕನಿಗಳಲ್ಲಿ, ದೊಡ್ಡ ಹಜಾರಗಳಲ್ಲಿ ಟೈಲ್ಸ್ ಇದ್ದಕ್ಕಿದ್ದಂತೆ ಸದ್ದು ಮಾಡಿ ಗುಡಾರದಂತೆ ಎದ್ದು ನಿಲ್ಲುವುದಕ್ಕೆ ಇದೇ ಕಾರಣ.

ಟೈಲ್ಸ್ ನಡುವೆ ಎರಡರಿಂದ ಮೂರು ಮಿ.ಮೀ. ಸಂದು, ಗೋಡೆಯಂಚಿನಲ್ಲಿ ಸ್ಕರ್ಟಿಂಗ್ ಮುಚ್ಚುವಂತೆ ಆರು ಮಿ.ಮೀ.ನಷ್ಟು ಖಾಲಿ ಜಾಗ ಬಿಟ್ಟರೆ ಈ ಅಪಾಯ ಬಹುಪಾಲು ತಪ್ಪುತ್ತದೆ. ಒಳಗಿನ ದೊಡ್ಡ ನೆಲಕ್ಕೆ ಪ್ರತಿ 25 ಅಡಿಗೆ, ಬಿಸಿಲು ಬೀಳುವ ನೆಲಕ್ಕೆ ಪ್ರತಿ 12 ಅಡಿಗೆ ಒಂದು ಮೃದುವಾದ ಸೀಲೆಂಟ್ ತುಂಬಿದ ಗೆರೆ ಇರಬೇಕೆಂದು ಅಮೆರಿಕದ ಟೈಲ್ಸ್ ಉದ್ಯಮದ ಮಾರ್ಗಸೂಚಿ ಹೇಳುತ್ತದೆ.

ಕಾಯುವುದೂ ಕೆಲಸವೇ

ತಳಪದರಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಿರುವುದು ದಿನಗಳು. ಹೊಸ ಕಾಂಕ್ರೀಟ್ ಹಾಸಿಗೆ 28 ದಿನ, ಗಾರೆ ಅಥವಾ ಸ್ಕ್ರೀಡ್‌ಗೆ ಒಂದು ವಾರ ನೀರು ಕುಡಿಸುವಿಕೆ ಮತ್ತು ಒಣಗಲು ಅವಕಾಶ, ಅಂಟು ಹಾಕಿದ ಮೇಲೆ 24 ಗಂಟೆ ಓಡಾಟ ನಿಷೇಧ. ಗೃಹಪ್ರವೇಶದ ಮುಹೂರ್ತ ಮೊದಲು ಇಟ್ಟು ನೆಲದ ಕೆಲಸ ಕೊನೆಗೆ ಹಿಡಿಯುವಲ್ಲಿ ಕತ್ತರಿ ಬೀಳುವುದು ಈ ದಿನಗಳಿಗೇ.

ನೀರಿನ ಪ್ರಶ್ನೆಯೂ ಸಣ್ಣದಲ್ಲ. 2024ರ ಮಾರ್ಚ್‌ನಲ್ಲಿ ನಗರ ತೀವ್ರ ಜಲಕ್ಷಾಮ ಎದುರಿಸಿದಾಗ ಕಟ್ಟಡ ನಿರ್ಮಾಣಕ್ಕೆ ಕುಡಿಯುವ ನೀರು ಬಳಸುವುದನ್ನು ಬೆಂಗಳೂರು ಜಲಮಂಡಳಿ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಘೋಷಿಸಿತ್ತು. ದಪ್ಪ ಗಾರೆಗೆ ವಾರವಿಡೀ ನೀರು ಬೇಕು. ಅಂಟಿಗೆ ಕಲಸುವಾಗಿನ ನೀರಷ್ಟೇ ಸಾಕು.

ಕೇಳಬೇಕಾದ ಪ್ರಶ್ನೆಗಳು

ಕೆಲಸ ಒಪ್ಪಿಸುವ ಮುನ್ನ ಮನೆಯೊಡೆಯರು ಕೆಲವು ವಿಷಯಗಳನ್ನು ಕಾಗದದಲ್ಲಿ ಬರೆಸಿಕೊಳ್ಳುವುದು ಒಳಿತು. ತಳಪದರದ ದಪ್ಪ ಎಷ್ಟು? ಸಿಮೆಂಟ್, ಮರಳಿನ ಪ್ರಮಾಣವೇನು? ಎಂ-ಸ್ಯಾಂಡ್ ಆದರೆ ಅದರಲ್ಲಿ ಧೂಳು ಹೆಚ್ಚಿದೆಯೇ? ಅಂಟಿನ ಮಾದರಿ ಯಾವುದು? ಬಚ್ಚಲಿನಲ್ಲಿ ನೀರು ನಿಲ್ಲಿಸಿ ಪರೀಕ್ಷೆ ಯಾವ ದಿನ? ಕೆಲಸ ಮುಗಿದ ಬಳಿಕ ಟೊಳ್ಳು ಸದ್ದು ಬಂದ ಟೈಲ್ಸ್ ಬದಲಾಯಿಸುವ ಹೊಣೆ ಯಾರದ್ದು? ಚದರಡಿ ಲೆಕ್ಕದ ಕೂಲಿಯಲ್ಲಿ ಇವು ಸೇರಿವೆಯೇ ಇಲ್ಲವೇ ಎಂಬುದು ಮೊದಲೇ ಸ್ಪಷ್ಟವಾದರೆ ನಂತರದ ವಾಗ್ವಾದ ತಪ್ಪುತ್ತದೆ. ಪ್ರತಿ ಪದರ ಮುಚ್ಚುವ ಮುನ್ನ ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಅದೇ ಸಾಕ್ಷಿ.

ಹೊಸ ಫ್ಲ್ಯಾಟ್ ಖರೀದಿಸಿದವರಿಗೆ ಕಾನೂನಿನ ಆಸರೆಯೂ ಇದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯ 14ನೇ ಕಲಂ ಪ್ರಕಾರ, ಸ್ವಾಧೀನ ಪಡೆದ ಐದು ವರ್ಷಗಳೊಳಗೆ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ಕಂಡುಬಂದ ದೋಷವನ್ನು ನಿರ್ಮಾಣಗಾರರ ಗಮನಕ್ಕೆ ತಂದರೆ, 30 ದಿನಗಳಲ್ಲಿ ಖರೀದಿದಾರರಿಂದ ಹಣ ಪಡೆಯದೆ ಸರಿಪಡಿಸಿಕೊಡಬೇಕು. ತಪ್ಪಿದರೆ ಖರೀದಿದಾರರು ಪರಿಹಾರಕ್ಕೆ ಅರ್ಹರು. ಆದ್ದರಿಂದ ಕೀಲಿಕೈ ಪಡೆದ ದಿನವೇ, ಪೀಠೋಪಕರಣ ತಂದಿಡುವ ಮುನ್ನ, ಕೈಯಲ್ಲೊಂದು ನಾಣ್ಯ ಹಿಡಿದು ಪ್ರತಿ ಕೋಣೆಯ ನೆಲ ತಟ್ಟಿ ನೋಡಿ, ಟೊಳ್ಳಾದ ಟೈಲ್ಸ್ ಮೇಲೆ ಗುರುತು ಹಾಕಿ, ಲಿಖಿತ ದೂರು ಕೊಡುವುದು ಜಾಣತನ.

ಮಳಿಗೆಯಲ್ಲಿ ಕಣ್ಣು ಕೋರೈಸುವ ಟೈಲ್ಸ್‌ಗೆ ಚದರಡಿಗೆ ಹತ್ತು ರೂಪಾಯಿ ಹೆಚ್ಚು ಕೊಡಲು ಹಿಂಜರಿಯದವರು, ಅದರ ಕೆಳಗಿನ ಅಂಟಿಗೆ ಅಷ್ಟೇ ಹಣ ಕೇಳಿದಾಗ ಚೌಕಾಸಿಗೆ ಇಳಿಯುತ್ತಾರೆ. ಬಜೆಟ್ ಬಿಗಿಯಾಗಿದ್ದರೆ ಟೈಲ್ಸ್ ಸ್ವಲ್ಪ ಅಗ್ಗದ್ದಾಗಲಿ, ತಳಪದರ ಮಾತ್ರ ಅಗ್ಗದ್ದಾಗದಿರಲಿ. ಮೇಲಿನದ್ದು ನಾಳೆಯೂ ಕಣ್ಣಿಗೆ ಬೀಳುತ್ತದೆ, ಬೇಡವೆನಿಸಿದರೆ ಬದಲಾಯಿಸಬಹುದು. ಕೆಳಗಿನದ್ದನ್ನು ನೋಡುವ ಅವಕಾಶ ಇರುವುದು ಮೊದಲ ಟೈಲ್ ಕೂರುವವರೆಗೆ ಮಾತ್ರ.